ಅಂಬಿಗನ ಹದಿನಾರು ಪುಟ

‘ಹನ್ನೆರಡು ಬಾಗಿಲ ಕೋಟೆ’ಯ ಏಳೂ ಭಾಗಗಳನ್ನು ಗೋಂದಣ್ಣ ತನ್ನ ಕೈಯಾರೆ ಹೊಲಿದಿದ್ದ, ಬೆನ್ನಿಗೆ ಗೋಂದು ಬಳಿದಿದ್ದ, ರಟ್ಟು ಕಟ್ಟಿದ್ದ, ಅಂಚು ಕತ್ತರಿಸಿದ್ದ. ಓದಿರಲಿಲ್ಲ. ಅದರಲ್ಲಿ ಅವಮಾನವೇನೂ ಇಲ್ಲ. ಶವದ ಪೆಟ್ಟಿಗೆ ಮಾಡುವ ಬಡಗಿ ಅದರೊಳಗೆ ಮಲಗಿ ನೋಡಲೇಬೇಕೆಂದು ಯಾರೂ ಹೇಳುವುದಿಲ್ಲ. ಅವನ ಕಷ್ಟಗಳೆಲ್ಲ ಶುರುವಾದದ್ದು ಓದಿದ್ದೇನೆ ಎಂದು ಹೇಳಿಕೊಂಡ ದಿನ.

ಸಾರ್ವಜನಿಕ ಗ್ರಂಥಾಲಯದ ಹಿಂಬದಿಯಲ್ಲಿ, ಒಂದೇ ಕಿಟಕಿಯ ಕೋಣೆಯಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ಹರಿದ ಪುಸ್ತಕ ಕಟ್ಟುತ್ತಿದ್ದ. ಬೆರಳ ತುಂಬ ಸದಾ ಒಣಗಿದ ಗೋಂದು ಇರುತ್ತಿದ್ದುದರಿಂದ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದು, ಊರಿಗೆಲ್ಲ ಗೋಂದಣ್ಣನಾಗಿದ್ದ. ಕೆಲಸದಲ್ಲಿ ಅವನಿಗೆ ಒಂದೇ ಹೆಮ್ಮೆ, ಅಂಚು. ಅವನು ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದರೆ ಗಾಜು ಮುಟ್ಟಿದ ಹಾಗೆ. ಆ ನುಣುಪಿಗಾಗಿ ಕೆಲವು ಸಲ ಪುಟದ ಸಂಖ್ಯೆಗಳೂ ಕತ್ತರಿಯ ಪಾಲಾಗುತ್ತಿದ್ದವು. ಯಾರಾದರೂ ಆಕ್ಷೇಪಿಸಿದರೆ, “ಒಂದಾದ ಮೇಲೆ ಎರಡು ಬರುತ್ತೆ ಅನ್ನೋದು ಬರೆದು ತೋರಿಸಬೇಕಾ?” ಎನ್ನುತ್ತಿದ್ದ.

ಒಂದು ದಿನ ನಿವೃತ್ತ ಲೆಕ್ಕದ ಮೇಷ್ಟ್ರು ಅವನ ಕಿಟಕಿಯಲ್ಲಿ ತಲೆ ತೂರಿಸಿದರು. ಕೋಟೆಯ ಕಥೆಯ ಮೊದಲ ಭಾಗ ಆಗಷ್ಟೇ ಸಿನಿಮಾ ಆಗಿತ್ತು. ಮೇಷ್ಟ್ರು ಅದನ್ನು ಮೂರು ಸಲ ನೋಡಿ, ಪುಸ್ತಕಕ್ಕೂ ಪರದೆಗೂ ಇರುವ ವ್ಯತ್ಯಾಸಗಳನ್ನು ನೋಟ್ ಪುಸ್ತಕದಲ್ಲಿ ಪಟ್ಟಿ ಮಾಡಿದ್ದರು. ಬೂದು ಕುದುರೆ ಬಿಳಿಯಾಗಿದೆ, ರಾಣಿಯ ಮಚ್ಚೆ ಎಡಗೆನ್ನೆಯಿಂದ ಬಲಗೆನ್ನೆಗೆ ಹೋಗಿದೆ, ಹೀಗೆ ಮೂವತ್ತೆಂಟು.

“ನೀವೂ ಓದಿರ್ಬೇಕಲ್ಲ ಗೋಂದಣ್ಣ?”

“ಏನ್ ಸಾರ್ ಹೀಗ್ ಕೇಳ್ತೀರಿ! ನನ್ನ ಕೈಯಲ್ಲಿ ಹಾದು ಹೋಗದ ಒಂದು ಪುಟ ಇಲ್ಲ ಅದರಲ್ಲಿ.”

ಮಾತು ಅಕ್ಷರಶಃ ಸತ್ಯ. ಆದರೆ ಅಂದಿನಿಂದ ಅವನು ಅಭಿಮಾನಿಗಳ ಪಾಲಿಗೆ ಸುಪ್ರೀಂ ಕೋರ್ಟು. ಒಳಗೊಳಗೆ ಬೆವರುತ್ತಲೇ ಗೋಂದಣ್ಣ ಒಂದು ರಹಸ್ಯ ಕಂಡುಕೊಂಡ. ಸಿನಿಮಾ ಬಗ್ಗೆ ಓದುಗನಾಗಿ ಮಾತಾಡಲು ಮೂರೇ ವಾಕ್ಯ ಸಾಕು. “ಪುಸ್ತಕದ ಗತ್ತೇ ಬೇರೆ ಬಿಡಿ.” “ಆ ಭಾಗಾನ ಯಾಕೆ ಬಿಟ್ಟರೋ!” “ನಾನು ಅಂದ್ಕೊಂಡಿದ್ದ ಮುಖಾನೇ ಅಲ್ಲ ಅದು.” ಈ ಮೂರನ್ನು ತಿರುಗಿಸಿ ಮುರುಗಿಸಿ ಅವನು ಆರು ಸಿನಿಮಾ ದಾಟಿದ. ಅವನನ್ನು ಕೇಳದೆ ಊರಿನಲ್ಲಿ ಯಾರೂ ಒಂದು ಸಿನಿಮಾ ಕೆಟ್ಟದೆಂದು ತೀರ್ಮಾನಿಸುತ್ತಿರಲಿಲ್ಲ.

ಮನೆಯಲ್ಲಿ ಮಾತ್ರ ಈ ಆಟ ನಡೆಯುತ್ತಿರಲಿಲ್ಲ. ಮನೆಯಲ್ಲಿದ್ದದ್ದು ಅಕ್ಕ. ತಾಯಿ ಇಲ್ಲದ ಗೋಂದಣ್ಣನನ್ನು ಬೆಳೆಸಿದವಳು. ಅವನ ಮುಖ ನೋಡಿಯೇ ಅವನು ಎಷ್ಟು ಪುಟ ಓದುವ ಗಿರಾಕಿ ಎಂದು ಹೇಳಬಲ್ಲವಳು. ಅವಳ ಗಂಡ, ಅಂದರೆ ಗೋಂದಣ್ಣನ ಭಾವ, ಸೇತುವೆಯ ಕೆಲಸಕ್ಕೆ ಹೋಗಿ ಹೊಳೆಗೆ ಬಿದ್ದು ಹನ್ನೊಂದು ವರ್ಷವಾಗಿತ್ತು. ದೇಹ ಸಿಗಲಿಲ್ಲ. ಸಿಕ್ಕದ ಮೇಲೆ ಸತ್ತ ಎಂದು ಹೇಗೆ ಒಪ್ಪುವುದು ಎಂದು ಅಕ್ಕ ಒಪ್ಪಲಿಲ್ಲ. ಸಹಿಗಾಗಿ ಕಚೇರಿಯವರು ಮೂರು ಸಲ ಕಳಿಸಿದ ಮರಣದ ಕಾಗದಗಳನ್ನು ಕಿಟಕಿಯ ಸಂದಿಗೆ ತುರುಕಿ ಗಾಳಿ ತಡೆದಿದ್ದಳು. ಬಾಗಿಲ ಹಿಂದಿನ ಮೊಳೆಗೆ ಒಂದು ಟವೆಲ್ ನೇತುಹಾಕಿದ್ದಳು. ಒದ್ದೆಯಾಗಿ ಬರುವವನಿಗೆ ಬೇಕಾಗುತ್ತದಲ್ಲ. ವಾರಕ್ಕೊಮ್ಮೆ ಅದನ್ನು ಒಗೆದು, ಮತ್ತೆ ಅಲ್ಲೇ ಹಾಕುತ್ತಿದ್ದಳು. ಆ ಟವೆಲಿಗೆ ಗೋಂದಣ್ಣ ಒಂದು ದಿನವೂ ಕೈ ಒರೆಸಿದವನಲ್ಲ.

ಅಕ್ಕ ಕೋಟೆಯ ಕಥೆಗೆ ಬಿದ್ದದ್ದು ಅದರೊಳಗಿನ ಅಂಬಿಗನಿಂದ. ಏಳನೇ ಭಾಗದ ಕೊನೆಯಲ್ಲಿ, ಯುದ್ಧದ ನಡುವೆ, ಅಂಬಿಗನ ದೋಣಿ ಒಡೆಯುತ್ತದೆ. ‘ನೀರು ಅವನ ತಲೆಯ ಮೇಲೆ ಮುಚ್ಚಿಕೊಂಡಿತು’ ಎಂದು ಒಂದು ಪುಟ ಮುಗಿಯುತ್ತದೆ. ಎದುರಿನ ಪುಟದಲ್ಲಿ, ‘ಬಾಗಿಲು ತಟ್ಟಿದ ಸದ್ದಾಯಿತು. ಹೆಂಡತಿ ದೀಪ ಹಿಡಿದು ಬಂದಳು. ಮೈಯಿಂದ ನೀರು ಸುರಿಸುತ್ತ ಅಂಬಿಗ ನಿಂತಿದ್ದ.’ ಮುಂದೆ ಹದಿನಾರು ಪುಟ ಅವಳು ಅವನ ತಲೆ ಒರೆಸುತ್ತಾಳೆ, ಬಿಸಿನೀರು ಕಾಯಿಸುತ್ತಾಳೆ, ಇಬ್ಬರೂ ಜಗಳವಾಡುತ್ತಾರೆ. ಆಮೇಲೆ ಪುಸ್ತಕ ಮುಗಿಯುವವರೆಗೆ ಅವನ ಸುದ್ದಿಯೇ ಇಲ್ಲ. ಕ್ಷೇಮವಾಗಿ ಮನೆ ಸೇರಿದವನ ಸುದ್ದಿ ಇನ್ನೇನಿರುತ್ತದೆ ಎಂದು ಓದುಗರೂ ಕೇಳಲಿಲ್ಲ. ಅಕ್ಕ ಆ ಹದಿನಾರು ಪುಟಗಳನ್ನು ಎಷ್ಟು ಸಲ ಓದಿದ್ದಳೆಂದರೆ, ಊರೆಲ್ಲ ಓದುತ್ತಿದ್ದ ಗ್ರಂಥಾಲಯದ ಆ ಒಂದೇ ಪ್ರತಿ ಕೆಳಗಿಟ್ಟರೆ ತಾನೇ ಆ ಪುಟಕ್ಕೆ ತೆರೆದುಕೊಳ್ಳುತ್ತಿತ್ತು.

ಹೀಗಿರುವಾಗ ಏಳನೇ ಸಿನಿಮಾ ಬಂತು.

ಮೊದಲ ದಿನ, ಮಧ್ಯಾಹ್ನದ ಆಟಕ್ಕೆ ಇಡೀ ಅಭಿಮಾನಿ ಬಳಗ ಹಾಜರು. ಅಕ್ಕ ಮೂರನೇ ಸಾಲಿನಲ್ಲಿ, ಪಕ್ಕದಲ್ಲಿ ಗೋಂದಣ್ಣ, ಹಿಂದೆ ಮೇಷ್ಟ್ರು, ಅವರ ಕೈಯಲ್ಲಿ ಪುಟ್ಟ ಟಾರ್ಚು ಮತ್ತು ನೋಟ್ ಪುಸ್ತಕ. ಪರದೆಯ ಮೇಲೆ ದೋಣಿ ಒಡೆಯಿತು. ನೀರು ಮುಚ್ಚಿಕೊಂಡಿತು. ಎಲ್ಲರೂ ಬಾಗಿಲು ತಟ್ಟುವ ಸದ್ದಿಗೆ ಕಿವಿಗೊಟ್ಟು ಕೂತರು. ಯಾರೂ ಬಾಗಿಲು ತಟ್ಟಲಿಲ್ಲ. ಬದಲಿಗೆ ಮಗುಚಿದ ದೋಣಿ ತೇಲಿ ಬಂತು. ಅಂಬಿಗನ ಹೆಂಡತಿ ದಡದಲ್ಲಿ ಕೂತಳು. ಕೂತೇ ಇದ್ದಳು.

“ನಿಲ್ಲಿಸ್ರೀ!” ಮೇಷ್ಟ್ರು ಎದ್ದು ನಿಂತು ಟಾರ್ಚನ್ನು ಪರದೆಗೇ ಹಿಡಿದರು. “ಅವನು ಮನೆಗೆ ಹೋಗ್ಬೇಕು!”

ನೂರಾರು ಗಂಟಲು ಸೇರಿಕೊಂಡವು. ಓಡಿ ಬಂದ ಚಿತ್ರಮಂದಿರದ ಮ್ಯಾನೇಜರ್ ಕೈ ಮುಗಿಯುವುದೊಂದು ಬಾಕಿ. “ಸ್ವಾಮಿ, ನಾನು ಕಳಿಸಿದ್ದನ್ನ ಓಡಿಸೋನು. ಅವನನ್ನ ಮುಳುಗಿಸಿದ್ದು ನಾನಲ್ಲ!”

“ಉಳಿದ ರೀಲು ಎಲ್ಲಿ ಮುಚ್ಚಿಟ್ಟಿದ್ದೀರಿ?”

“ಈಗ ರೀಲೇ ಇಲ್ಲ ಸಾರ್!”

ಈ ಗಲಾಟೆಯ ನಡುವೆ ಬಾಲ್ಕನಿಯಿಂದ ಒಂದು ತೆಳ್ಳನೆ ದನಿ ಬಂತು. “ಪುಸ್ತಕದಲ್ಲೂ ಸಾಯ್ತಾನೆ ಕಣ್ರೀ. ನನ್ನ ಹತ್ರ ಸ್ವಂತ ಪ್ರತಿ ಇದೆ.” ಊರಿನ ಏಕೈಕ ಔಷಧಿ ಅಂಗಡಿಯವನು. ಅಲ್ಲಿಯವರೆಗೆ ಸಿನಿಮಾದವರ ಮೇಲಿದ್ದ ಸಿಟ್ಟೆಲ್ಲ ಹೊರಳಿ ಅವನ ಮೇಲೆ ಬಿತ್ತು. ಸಿನಿಮಾದವರು ದೂರ ಇದ್ದರು, ಇವನು ಕೈಗೆ ಸಿಗುವಷ್ಟು ಹತ್ತಿರ ಇದ್ದ.

“ಔಷಧಿ ಮಾರೋನಿಗೆ ಸಾವಿನ ಮೇಲೇ ಕಣ್ಣು!” ಎಂದರು ಯಾರೋ. ಮೇಷ್ಟ್ರು ಗೋಂದಣ್ಣನ ಭುಜ ಹಿಡಿದು ಎಲ್ಲರಿಗೂ ಕಾಣುವಂತೆ ಎಬ್ಬಿಸಿ ನಿಲ್ಲಿಸಿದರು. “ಇವರು ಪುಸ್ತಕಾನ ಕೈಯಾರೆ ಹೊಲಿದವರು. ನೀವೇ ಹೇಳಿ, ಅಂಬಿಗ ಸಾಯ್ತಾನಾ?”

ಗೋಂದಣ್ಣನ ಮೂರು ವಾಕ್ಯಗಳಲ್ಲಿ ಯಾವುದೂ ಇದಕ್ಕೆ ಹೊಂದುತ್ತಿರಲಿಲ್ಲ. ಅವನು ಅಕ್ಕನ ಕಡೆ ನೋಡಿದ. ಕತ್ತಲಲ್ಲಿ ಅವಳ ಎರಡು ಕಣ್ಣು ಅವನ ಮೇಲೆಯೇ ಇದ್ದವು.

“ಛೆ, ಛೆ. ಸಾಯೋದೆಲ್ಲಿ ಬಂತು! ಗುಂಡುಕಲ್ಲಿನ ಹಾಗೆ ಇರ್ತಾನೆ.”

ಚಪ್ಪಾಳೆ ಬಿತ್ತು. ಗೋಂದಣ್ಣ ತುಸು ಬಗ್ಗಿ ವಂದಿಸಿದ್ದೂ ಉಂಟು.

ಮರುದಿನ ‘ಅಂಬಿಗ ರಕ್ಷಣಾ ಸಮಿತಿ’ ಹುಟ್ಟಿತು. ಮೇಷ್ಟ್ರು ಅಧ್ಯಕ್ಷರು, ಅಕ್ಕ ಉಪಾಧ್ಯಕ್ಷೆ. ಮೊದಲ ಠರಾವು, ಸಿನಿಮಾ ಕಂಪನಿಗೆ ಪತ್ರ. ಎರಡನೇ ಠರಾವು, ಔಷಧಿ ಅಂಗಡಿಗೆ ಬಹಿಷ್ಕಾರ. ಅಂಗಡಿಯವನು ತನ್ನ ಪ್ರತಿಯನ್ನು ಕೌಂಟರಿನ ಮೇಲೆ ತೆರೆದಿಟ್ಟು ಕರೆದು ಕರೆದು ತೋರಿಸಿದ. ಕಳ್ಳ ಮುದ್ರಣ ಎಂದು ಸಮಿತಿ ಅದನ್ನು ಮುಟ್ಟಲೂ ಇಲ್ಲ. ಜನ ಜ್ವರವನ್ನು ಒದ್ದೆ ಬಟ್ಟೆಯಲ್ಲಿ ಕಳೆದರು, ಕೆಮ್ಮನ್ನು ಕೆಮ್ಮಿಯೇ ಕಳೆದರು. ಪಕ್ಕದ ಮನೆಯ ಅಜ್ಜ ಸಿದ್ಧಾಂತಕ್ಕಾಗಿ ಹಲ್ಲುನೋವು ಸಹಿಸಿ, ಒಂದು ಕಡೆ ಊದಿದ ಕೆನ್ನೆಯನ್ನು ಪದಕದ ಹಾಗೆ ಹೊತ್ತು ತಿರುಗಿದ.

ನಗುವ ಮಾತು ಇಲ್ಲಿಗೆ ಮುಗಿಯಿತು. ಅಕ್ಕನಿಗೆ ಹೃದಯದ ಕಾಯಿಲೆ. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ, ತಪ್ಪಿಸುವ ಹಾಗಿಲ್ಲ ಎಂದು ಡಾಕ್ಟರು ಎರಡೆರಡು ಸಲ ಹೇಳಿದ್ದರು. ಡಬ್ಬಿ ಖಾಲಿಯಾದ ಮೇಲೆ ಅವಳು ಹೊಸದು ತರಲಿಲ್ಲ. ನಾಲ್ಕನೇ ದಿನಕ್ಕೆ ಅವಳ ಪಾದ ಊದಿತು. ಆರನೇ ದಿನ ಅಡುಗೆಮನೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದು ನಿಂತಳು.

“ಅಕ್ಕಾ, ನಾನು ಹೋಗಿ ತರ್ತೀನಿ.”

“ಅವನ ಅಂಗಡಿ ಮೆಟ್ಟಿಲು ಹತ್ತಿದ್ರೆ ಈ ಮನೆ ಮೆಟ್ಟಿಲು ಹತ್ಬೇಡ.”

ಹತ್ತಿದ. ಅಕ್ಕ ಮಲಗಿದ್ದ ಹೊತ್ತು ನೋಡಿ, ಟೋಪಿ ಕಣ್ಣಿನವರೆಗೆ ಎಳೆದುಕೊಂಡು, ಔಷಧಿ ಅಂಗಡಿಯ ಹಿಂದಿನ ಬಾಗಿಲಿಂದ ನುಸುಳಿದ. ಗಿರಾಕಿಗಳಿಲ್ಲದೆ ಅಂಗಡಿಯವನು ಸೀಸೆಗಳನ್ನು ಒಂದೊಂದಾಗಿ ಒರೆಸುತ್ತ ಕೂತಿದ್ದ. ಕೇಳುವ ಮೊದಲೇ ಮಾತ್ರೆಯ ಡಬ್ಬಿ ತೆಗೆದು ಮುಂದಿಟ್ಟ. “ಆರು ದಿನದಿಂದ ಇದನ್ನ ಪಕ್ಕಕ್ಕೆ ಎತ್ತಿಟ್ಟು ಕಾಯ್ತಾ ಇದ್ದೀನಿ. ನಿಮ್ಮಕ್ಕ ಹೇಗಿದ್ದಾರೆ?”

ಗೋಂದಣ್ಣನಿಗೆ ಇವನು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

“ಒಂದೇ ಒಂದು ಉಪಕಾರ ಮಾಡಿ,” ಎಂದ ಅಂಗಡಿಯವನು, ಪುಸ್ತಕ ತಿರುಗಿಸಿ ಅವನ ಮುಂದೆ ತಳ್ಳುತ್ತ. “ನೀವಾದ್ರೂ ಈ ಪುಟ ನೋಡಿ.”

ಗೋಂದಣ್ಣ ಅಭ್ಯಾಸದಂತೆ ಅಕ್ಷರ ಬಿಟ್ಟು ಹೊಲಿಗೆ ನೋಡಿದ. ಪುಸ್ತಕವೆಂದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳು; ಆ ಕಸುಬಿನವರು ಒಂದೊಂದು ಮಡಿಕೆಯನ್ನು ಫಾರಂ ಎನ್ನುತ್ತಾರೆ. ಅವನ ಕಣ್ಣೆದುರು ಇದ್ದದ್ದು ಒಂದು ಫಾರಮಿನ ಮೊದಲ ಪುಟ. ಅದರಲ್ಲೊಂದು ಚಿತ್ರ, ಮಗುಚಿದ ದೋಣಿ. ಆ ಚಿತ್ರವನ್ನು ಅವನು ಮೊದಲೇ ನೋಡಿದ್ದ. ಬರೀ ನೋಡಿರಲಿಲ್ಲ, ಸರಿಯಾಗಿ ದೋಣಿಯ ನಡುಮಧ್ಯಕ್ಕೆ ಮಡಚಿದ್ದ.

ಏಳನೇ ಭಾಗ ಗ್ರಂಥಾಲಯಕ್ಕೆ ಬಂದ ವಾರ, ಅದರ ಮೊದಲ ಓದುಗರು ಇಲಿಗಳು. ಕಪಾಟಿನ ತಳದಲ್ಲಿ ಎರಡನೇ ಭಾಗವನ್ನೂ ಏಳನೇ ಭಾಗವನ್ನೂ ಸೇರಿಸಿ ದಾರ, ಅಂಚು, ಪುಟಸಂಖ್ಯೆ ಎಲ್ಲ ಕಡಿದು ಗುಡ್ಡೆ ಹಾಕಿದ್ದವು. ಗೋಂದಣ್ಣ ಫಾರಮುಗಳನ್ನು ಆರಿಸಿ, ಓದಿ ನೋಡುವ ಗೋಜಿಗೆ ಹೋಗದೆ, ಕಾಗದದ ಬಣ್ಣ ನೋಡಿ ಜೋಡಿಸಿ, ಅಂಚು ಗಾಜಿನ ಹಾಗೆ ಕತ್ತರಿಸಿ ಎರಡು ಪುಸ್ತಕ ಮಾಡಿದ್ದ. ಕೊನೆಗೆ ಒಂದು ಫಾರಂ ಮಿಕ್ಕಿತು. ಎರಡು ಪುಸ್ತಕಕ್ಕೂ ಸಾಕಾಗಿ ಮಿಕ್ಕಿತಲ್ಲ ಎಂದು ಸಂತೋಷಪಟ್ಟು, ಅದನ್ನು ಮಡಚಿ, ತೆಳ್ಳಗಿದ್ದ ರಟ್ಟಿಗೆ ದಪ್ಪ ಬರಲೆಂದು ಏಳನೇ ಭಾಗದ ಹಿಂಬದಿಯ ರಟ್ಟಿನೊಳಗೆ ಸೇರಿಸಿ ಅಂಟಿಸಿದ್ದ.

ಬಾಗಿಲು ತಟ್ಟಿದ ಅಂಬಿಗ ಎರಡನೇ ಭಾಗದವನು; ಅವನ ಹದಿನಾರು ಪುಟ ತಪ್ಪಿ ಏಳನೆಯದಕ್ಕೆ ಸೇರಿದ್ದವು. ಆ ಭಾಗದಲ್ಲಿ ಹದಿನಾರು ಪುಟ ಕಾಣೆಯಾಗಿ ಕಥೆ ತಟ್ಟನೆ ಹಾರುವುದನ್ನು ಊರಿನ ಓದುಗರು ‘ಶೈಲಿ’ ಎಂದು ಹೊಗಳಿದ್ದರು.

“ಏನಾಯ್ತು? ಬೆವರ್ತಿದ್ದೀರಲ್ಲ. ಬಿಪಿ ನೋಡ್ಲಾ?” ಎಂದ ಅಂಗಡಿಯವನು.

ಮನೆಗೆ ಬಂದರೆ ಅಕ್ಕ ಬಾಗಿಲಲ್ಲೇ ಕೂತಿದ್ದಳು. ಕೈ ಚಾಚಿ ಡಬ್ಬಿ ಇಸಿದುಕೊಂಡು, ಅದರ ಮೇಲಿದ್ದ ಅಂಗಡಿಯ ಚೀಟಿ ಓದಿ, ಕಸದ ಬುಟ್ಟಿಗೆ ಹಾಕಿದಳು. ಬುಟ್ಟಿ ನಾಲ್ಕು ಹೆಜ್ಜೆ ದೂರವಿತ್ತು. ಹೋಗಿ ಬರುವಷ್ಟರಲ್ಲಿ ಅವಳ ತುಟಿ ನೀಲಿಯಾಗಿತ್ತು.

“ಅಕ್ಕಾ, ಬರೀ ಕಥೆ ಕಣೇ ಅದು.”

“ಕಥೆನೇ. ಅಷ್ಟೂ ಬೇಡ ಅಂತೀಯಾ ನಂಗೆ?”

ಗೋಂದಣ್ಣ ಹಿಂದಿನ ಅಂಗಳಕ್ಕೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಲೆಕ್ಕ ಹಾಕಿದ. ನಿಜ ಹೇಳಿದರೆ ಅಕ್ಕನ ಎದೆ ಒಡೆಯುತ್ತದೆ. ಹೇಳದಿದ್ದರೆ ಎದೆ ನಿಲ್ಲುತ್ತದೆ. ಬದುಕಿನಲ್ಲಿ ಅವನು ಮಾಡಿದ ಲೆಕ್ಕಗಳಲ್ಲಿ ಇದೊಂದೇ ಸರಿಯಾಗಿ ಬಂದಿತ್ತು, ಉತ್ತರ ಮಾತ್ರ ಎರಡೂ ಕಡೆ ಕೆಟ್ಟದಾಗಿತ್ತು. ಆಮೇಲೆ ಒಳಗೆ ಬಂದು, ಅಕ್ಕ ನೋಡದ ಹಾಗೆ ಬುಟ್ಟಿಯಿಂದ ಡಬ್ಬಿ ಎತ್ತಿ ಜೇಬಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಗ್ರಂಥಾಲಯದ ಓದುವ ಕೋಣೆಯಲ್ಲಿ ಸಮಿತಿಯ ಸಭೆ. ನಲವತ್ತು ಚಿಲ್ಲರೆ ಜನ. ಅಕ್ಕ ಮೊದಲ ಸಾಲಿನಲ್ಲಿ, ಬಾಯಿಂದ ಉಸಿರಾಡುತ್ತ. ಮೇಜಿನ ಮೇಲೆ ಏಳನೇ ಭಾಗ, ಅದರ ಪಕ್ಕದಲ್ಲಿ ಕಂಪನಿಗೆ ಕಳಿಸುವ ಕಾಗದ. ಮೇಷ್ಟ್ರು ಓದಿದರು: “ಮೇಲ್ಕಾಣಿಸಿದ ಪುಸ್ತಕವನ್ನು ಕಟ್ಟಿದವನಾದ ನಾನು, ಸದರಿ ಅಂಬಿಗನು ಜೀವಂತವಾಗಿದ್ದಾನೆಂದು ಈ ಮೂಲಕ ದೃಢೀಕರಿಸುತ್ತೇನೆ. ಇಲ್ಲಿ ಸಹಿ ಹಾಕಿ ಗೋಂದಣ್ಣ.”

ಗೋಂದಣ್ಣ ಪೆನ್ನು ಹಿಡಿದ. ಅಕ್ಕನನ್ನು ನೋಡಿದ. ಪೆನ್ನು ಕೆಳಗಿಟ್ಟು, ಜೇಬಿನಿಂದ ರಟ್ಟು ಕೊಯ್ಯುವ ಚೂರಿ ತೆಗೆದ. ಮುಂದಿನ ಸಾಲಿನವರು ಕುರ್ಚಿ ಹಿಂದಕ್ಕೆಳೆದುಕೊಂಡರು.

“ನಾನು ಈ ಪುಸ್ತಕ ಓದಿಲ್ಲ,” ಎಂದ.

“ಏಳನೇದಾ?” ಎಂದರು ಮೇಷ್ಟ್ರು.

“ಯಾವುದೂ.”

ಹೇಳಿ, ಏಳನೇ ಭಾಗದ ಹಿಂಬದಿಯ ರಟ್ಟನ್ನು ಉದ್ದಕ್ಕೆ ಸೀಳಿದ. “ಅದು ಸರ್ಕಾರಿ ಆಸ್ತಿ!” ಎಂದು ಲೈಬ್ರರಿಯನ್ ಮೇಡಂ ಕಿರುಚಿದರು. ರಟ್ಟಿನೊಳಗಿಂದ ಮಡಚಿದ ಫಾರಂ ಜಾರಿ ಮೇಜಿನ ಮೇಲೆ ಬಿತ್ತು. ಮಗುಚಿದ ದೋಣಿಯ ಚಿತ್ರ ಮೇಲಿತ್ತು. ಗೋಂದಣ್ಣ ಇಲಿಯಿಂದ ಶುರುಮಾಡಿ ಎಲ್ಲ ಹೇಳಿದ. ಅಂಚಿನ ಬಗ್ಗೆಯೂ ಎರಡು ಮಾತು ಹೇಳಲು ಹೋದ, ಯಾರೂ ಕೇಳಲಿಲ್ಲ.

ಮೇಷ್ಟ್ರು ಎರಡು ಪುಟ ಓದಿದರು. ಆಮೇಲೆ ಕನ್ನಡಕ ತೆಗೆದು, ಲೆಕ್ಕ ತಪ್ಪಿದ ವಿದ್ಯಾರ್ಥಿಗೆ ಹೇಳುವ ಹಾಗೆ ಹೇಳಿದರು, “ರಟ್ಟಿನ ಒಳಗಿರೋದನ್ನ ಪುಸ್ತಕ ಅಂತ ಒಪ್ಪೋಕಾಗಲ್ಲ.”

“ನಾವು ಓದಿದ್ದೇ ಪುಸ್ತಕ!” ಎಂದರು ಯಾರೋ ಹಿಂದಿನಿಂದ. “ಬರೆದೋರಿಗಿಂತ ಗೋಂದಣ್ಣ ಜೋಡ್ಸಿದ್ದೇ ಚೆನ್ನಾಗಿದೆ!” ಎಂದ ಊದಿದ ಕೆನ್ನೆಯ ಅಜ್ಜ. ಮತಕ್ಕೆ ಹಾಕಲಾಯಿತು. ಅಂಬಿಗ ಬದುಕಿದ್ದಾನೆ ಎಂದು ಮೂವತ್ತೊಂಬತ್ತು ಕೈ, ಸತ್ತಿದ್ದಾನೆ ಎಂದು ಎರಡು. ಆ ಎರಡರಲ್ಲಿ ಒಂದು ಗೋಂದಣ್ಣನದು, ಇನ್ನೊಂದು ಬಾಗಿಲ ಹೊರಗೆ ನಿಂತಿದ್ದ ಔಷಧಿ ಅಂಗಡಿಯವನದು. ಎರಡೂ ಅಸಿಂಧು ಎಂದು ಮೇಷ್ಟ್ರು ಘೋಷಿಸಿದರು. ಗೋಂದಣ್ಣ ನಾಳೆಯಿಂದ ಬರುವುದು ಬೇಡ ಎಂದು ಲೈಬ್ರರಿಯನ್ ಮೇಡಂ ಅಲ್ಲೇ ಬರೆದುಕೊಟ್ಟರು. ಇಪ್ಪತ್ತೆರಡು ವರ್ಷದ ಕೆಲಸ ಅರ್ಧ ಹಾಳೆಯಲ್ಲಿ ಮುಗಿಯಿತು, ಆ ಹಾಳೆಯ ಅಂಚು ಕೂಡ ಸೊಟ್ಟ.

ಅವನು ತಲೆ ಎತ್ತಿ ನೋಡಿದಾಗ ಅಕ್ಕನ ಕುರ್ಚಿ ಖಾಲಿಯಿತ್ತು. ಮೇಜಿನ ಮೇಲಿದ್ದ ಹದಿನಾರು ಪುಟಗಳೂ ಇರಲಿಲ್ಲ. ಗೋಂದಣ್ಣ ಓಡಿದ. ಅಷ್ಟು ನಿಧಾನಕ್ಕೆ ನಡೆಯುವ ಅಕ್ಕ ಎಲ್ಲೂ ಬಿದ್ದಿರಲಿಲ್ಲ, ಮನೆ ಸೇರಿದ್ದಳು. ಅಡುಗೆಮನೆಯ ಮೇಜಿನ ಮುಂದೆ ಕೂತು, ಮಡಿಕೆಯ ಗೆರೆಯನ್ನು ಉಗುರಿನಿಂದ ಉಜ್ಜಿ ಉಜ್ಜಿ ನೆಟ್ಟಗೆ ಮಾಡುತ್ತಿದ್ದಳು.

“ಓದು,” ಎಂದಳು.

“ನಾನಾ?”

“ನನ್ನ ಕಣ್ಣು ಮಂಜಾಗಿದೆ. ಇಲ್ಲೀತನಕ ಓದ್ದೆ ಇದ್ದದ್ದು ಸಾಕು. ಕೂತ್ಕೊಂಡು ಓದು.”

ಗೋಂದಣ್ಣ ಓದಿದ. ನಲವತ್ತೇಳು ವರ್ಷದ ಜೀವನದಲ್ಲಿ ಅವನು ಬಾಯಿಬಿಟ್ಟು ಓದಿದ ಮೊದಲ ಕಥೆ. ನಡುನಡುವೆ ನಿಲ್ಲಿಸಿ, “ಈ ಕುದುರೆ ಯಾರದು?” ಎಂದು ಕೇಳಿದ. “ಸುಮ್ನೆ ಓದೋ,” ಎಂದಳು ಅಕ್ಕ. ದೋಣಿ ಸಿಗುತ್ತದೆ, ಅಂಬಿಗ ಸಿಗುವುದಿಲ್ಲ. ಹೆಂಡತಿ ದಡದಲ್ಲಿ ಮೂರು ದಿನ ಕೂರುತ್ತಾಳೆ. ಊರಿನವರು ಬಂದು ಕರೆದರೂ ಏಳುವುದಿಲ್ಲ. “ನಾಲ್ಕನೇ ದಿನ ಅವಳು ಎದ್ದಳು. ಮಗುಚಿದ್ದ ದೋಣಿಯನ್ನು ಒಬ್ಬಳೇ ತಿರುಗಿಸಿ, ಒಳಗಿನ...” ಗೋಂದಣ್ಣನಿಗೆ ಮುಂದಿನ ಸಾಲು ಕಾಣಲಿಲ್ಲ. ಹೊಳೆಯ ದಡದಲ್ಲಿ ಭಾವನ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ದಿನ ಅವನು ಅತ್ತಿರಲಿಲ್ಲ. ಅಕ್ಕನ ಮುಂದೆ ಅಳಬಾರದು ಎಂದುಕೊಂಡಿದ್ದ. ಆ ಅಳು ಈಗ ಬಂತು, ಯಾರೆಂದೇ ಗೊತ್ತಿಲ್ಲದ ಒಬ್ಬ ಅಂಬಿಗನ ನೆಪದಲ್ಲಿ, ಮೂಗು ಬಾಯಿ ಎಲ್ಲ ಸೇರಿ ಬಂತು. ಕೈಯಲ್ಲಿ ಒರೆಸಿಕೊಳ್ಳಲು ಹೋಗಿ, ಬೆರಳಿಗೆ ಅಂಟಿದ್ದ ಗೋಂದನ್ನು ಕೆನ್ನೆಗೂ ಬಳಿದುಕೊಂಡ.

ಅಕ್ಕ ಪುಟವನ್ನು ಅವನ ಕೈಯಿಂದ ತೆಗೆದುಕೊಂಡು ಉಳಿದದ್ದನ್ನು ತಾನೇ ಓದಿ ಮುಗಿಸಿದಳು, ಮನಸ್ಸಿನಲ್ಲೇ. ಎದ್ದಳು. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋಗಿ, ಮೊಳೆಯಿಂದ ಟವೆಲ್ ತೆಗೆದು ತಂದು ಅವನ ಮುಂದೆ ಹಿಡಿದಳು.

“ಮುಖ ಒರೆಸ್ಕೋ.”

“ಅಕ್ಕಾ, ಅದು ಭಾವನ...”

“ಒರೆಸ್ಕೋ ಅಂದೆ.”

ಅವನು ಒರೆಸಿಕೊಂಡ. ಹನ್ನೊಂದು ವರ್ಷ ಒಗೆದೂ ಒಗೆದೂ ಅದು ತೀರಾ ಮೆತ್ತಗಾಗಿತ್ತು.

“ಆ ಮಾತ್ರೆ ಬುಟ್ಟೀಲಿ ಇರ್ಲಿಲ್ಲ ಇವತ್ತು ಬೆಳಿಗ್ಗೆ,” ಎಂದಳು ಅಕ್ಕ.

ಗೋಂದಣ್ಣ ಜೇಬಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅವಳು ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಮುಖ ಕಿವುಚಿದಳು. ಆಮೇಲೆ ಕಿಟಕಿಯ ಹತ್ತಿರ ಹೋಗಿ, ಸಂದಿಗೆ ತುರುಕಿದ್ದ ಕಚೇರಿಯ ಕಾಗದಗಳನ್ನು ಒಂದೊಂದಾಗಿ ಎಳೆದಳು. ಎರಡು ಮಳೆನೀರು ಕುಡಿದು ಹರಿದುಹೋಗಿದ್ದವು. ಮೂರನೆಯದು ಓದುವ ಹಾಗಿತ್ತು. ಅದನ್ನು ಮೇಜಿನ ಮೇಲೆ ಹಾಸಿ, ಅಂಬಿಗನ ಪುಟಗಳನ್ನು ಉಜ್ಜಿದ ಹಾಗೆಯೇ ಉಗುರಿನಿಂದ ಉಜ್ಜಿ ನೆಟ್ಟಗೆ ಮಾಡಿದಳು. “ಪೆನ್ನು ಕೊಡು,” ಎಂದಳು. ತೆರೆದ ಸಂದಿಯಿಂದ ಗಾಳಿ ಒಳಗೆ ನುಗ್ಗಿ ಕಾಗದ ಹಾರತೊಡಗಿತು. ಗೋಂದಣ್ಣ ಎರಡೂ ಕೈಯಲ್ಲಿ ಅದರ ಅಂಚು ಒತ್ತಿ ಹಿಡಿದ. ಅಕ್ಕ ಸಹಿ ಹಾಕಿದಳು.

ಕಾಗದ ಮಡಚಿಡುತ್ತ ಗೋಂದಣ್ಣ ಕೇಳಿದ, “ಅಕ್ಕಾ, ಮೊದಲನೇ ಭಾಗ ನಿನ್ನ ಹತ್ರ ಇದೆಯಾ? ಓದೋಣ ಅಂತ.”

“ಇದೆ. ಎಲ್ಲಾ ಪುಟಾನೂ ಇದೆಯೇನೋ ಅದರಲ್ಲಿ?”

ಗೋಂದಣ್ಣ ತುಂಬ ಯೋಚಿಸಿದ. “ಹೇಳೋಕಾಗಲ್ಲಕ್ಕಾ.”

ಅಕ್ಕ ಅವನ ಕೈಯಿಂದ ಟವೆಲ್ ಇಸಿದುಕೊಂಡು, ಗೋಂದಿನ ಕಲೆ ಹೋಗುವವರೆಗೆ ಒಗೆದಳು. ಬಾಗಿಲ ಹಿಂದಿನ ಮೊಳೆಗೆ ಹಾಕಲಿಲ್ಲ. ಹಿಂದಿನ ಅಂಗಳದ ಹಗ್ಗದ ಮೇಲೆ, ಮನೆಯ ಉಳಿದ ಬಟ್ಟೆಗಳ ಜೊತೆ, ಒಣಗಲು ಹರವಿದಳು.